ಇಪ್ಪತ್ತಾರು ನಿಮಿಷ

ಕಸಾಯಿಖಾನೆಯಿಂದ ಬಕೆಟ್ಟಿನಲ್ಲಿ ಬರುತ್ತಿತ್ತು,
ಮಂಜುಗಡ್ಡೆಯ ನಡುವೆ, ಕುರಿಗಳ ತಲೆಯೊಳಗಿನ ಕತ್ತಲು.
ಹೆಸರುಕಾಳಿನಷ್ಟು. ಬೂದುಬಣ್ಣ.
"ಒಂದನ್ನೂ ಉರುಳಿಸಬೇಡ" ಎನ್ನುತ್ತಿದ್ದಳು ಇಶ್‌ಬೆಲ್,
"ಒಂದೊಂದೂ ಒಂದು ರಾತ್ರಿ."
ಆಗ ನನಗೆ ಹತ್ತೊಂಬತ್ತು. ಆಬರ್ಡೀನಿನ ಬಂದರಿನಲ್ಲಿ
ಮೀನು ಸೀಳುವ ಕೆಲಸ ಬಿಟ್ಟು
ಟ್ಯೂಬು ತೊಳೆಯಲು ಸೇರಿದ್ದೆ. ಚಾಕು ಹಿಡಿದು ಗೊತ್ತಿತ್ತು,
ಅಷ್ಟೇ ನನ್ನ ವಿಜ್ಞಾನ.

ಚಳಿಗಾಲ ಇಲ್ಲಿ ಮೂರೂವರೆಗೇ ಸೂರ್ಯ ಅಂಗಡಿ ಮುಚ್ಚುತ್ತಾನೆ,
ಜೂನಿನಲ್ಲಿ ಹತ್ತು ಹೊಡೆದರೂ ಮನೆಗೆ ಹೋಗುವ ಮನಸ್ಸಿಲ್ಲ.
ಕಿಟಕಿಗೆ ಕರಿಬಟ್ಟೆ ಹೊಡೆದು
ಕೆಂಪು ಬಲ್ಬಿನ ಮಂಕಿನಲ್ಲಿ
ನರ್ಸುಗಳನ್ನು, ಕಡಲ ಎಣ್ಣೆಬಾವಿಯ ಪಾಳಿಯವರನ್ನು
ಗಂಟೆಗೊಮ್ಮೆ ಎಬ್ಬಿಸಿ ಉಗುಳು ಬೇಡುತ್ತಿದ್ದೆವು,
ದೇವರ ಹೆಸರಲ್ಲಲ್ಲ, ಮೆಲಟೋನಿನ್ ಹೆಸರಲ್ಲಿ.
ಬೈಗುಳವೂ ಸಿಗುತ್ತಿತ್ತು, ಧಾರಾಳವಾಗಿ.

ಆಮೇಲೆ ಬಂದವನು ಮರ್ಡೊ. ಪಿಯಾನೊಗಳಿಗೆ ಶ್ರುತಿ ಕೂಡಿಸುವವ,
ಎರಡೂ ಕಣ್ಣು ಗಾಜಿನವು.
ಅವನ ದಿನಕ್ಕೆ ಇಪ್ಪತ್ತಾರು ನಿಮಿಷ ಹೆಚ್ಚು.
ದಿನಾ ಅಷ್ಟಷ್ಟೇ ಜಾರುತ್ತ
ಅವನ ನಡುರಾತ್ರಿ ಊರ ಮಧ್ಯಾಹ್ನಕ್ಕೆ ಬಂದು ಕೂರುತ್ತಿತ್ತು;
ಗಿರಾಕಿಯ ಪಿಯಾನೊ ಮೇಲೆ ತಲೆಯಿಟ್ಟು ಗೊರಕೆ.
ಐವತ್ತೈದು ದಿನಕ್ಕೊಮ್ಮೆ ಮಾತ್ರ
ಅವನೂ ಊರೂ ಒಟ್ಟಿಗೆ ಆಕಳಿಸುವುದು.
ಹೆಂಡತಿ ಆ ವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದಳು,
ಹಬ್ಬದ ಹಾಗೆ.

ರಾತ್ರಿ ಒಂಬತ್ತಕ್ಕೆ ಒಂದು ಬಿಳಿ ಗುಳಿಗೆ.
ಎಪ್ಪತ್ತು ದಿನ ಏನೂ ಇಲ್ಲ.
ಎಪ್ಪತ್ತೊಂದು, ಎಪ್ಪತ್ತೆರಡು...
ಓರೆಯಾಗಿ ಜಾರುತ್ತಿದ್ದ ಗೆರೆ
ಕಾಗದದ ಮೇಲೆ ನೆಟ್ಟಗೆ ನಿಂತಿತು.
ಇಶ್‌ಬೆಲ್ ಏನೂ ಅನ್ನಲಿಲ್ಲ. ಕೆಟಲ್ಲಿಗೆ ನೀರು ತುಂಬಿದಳು,
ಸ್ವಿಚ್ಚು ಒತ್ತಲು ಮರೆತಳು.

ತಿಂಗಳಾದ ಮೇಲೆ ಮರ್ಡೊ ಹೇಳಿದ:
"ಒಳ್ಳೆಯದೇ ಆಯಿತು, ಡಾಕ್ಟರ್.
ಆದರೆ ಬೆಳಗಿನ ಜಾವ ಮೂರರ ಊರು ನನ್ನದಾಗಿತ್ತು.
ಬೇಕರಿಯವನು ಹಿಂಬಾಗಿಲಲ್ಲಿ ಬಿಸಿ ಬನ್ನು ಕೊಡುತ್ತಿದ್ದ,
ಕಡಲಹಕ್ಕಿಗಳೂ ದನಿ ತಗ್ಗಿಸಿ ಜಗಳವಾಡುತ್ತಿದ್ದವು.
ಈಗ ಅದು ಯಾರದೋ."
ಅವಳು ಅದನ್ನೂ ಬರೆದುಕೊಂಡಳು.
ಯಾವ ಪ್ರಬಂಧದಲ್ಲೂ ಅಚ್ಚಾಗಲಿಲ್ಲ.

ನಿವೃತ್ತಿಯ ವಾರ ಫ್ರೀಜರು ಖಾಲಿ ಮಾಡುವಾಗ
ತಳದಲ್ಲಿ ಅವಳದೇ ಹೆಸರಿನ ಟ್ಯೂಬುಗಳು,
ಮೂವತ್ತೊಂದು ವರ್ಷದ ರಾತ್ರಿಗಳು, ಒಂದನ್ನೂ ಅಳೆದಿರಲಿಲ್ಲ.
"ಅಳೆಯಲೇ?" ಎಂದೆ.
"ಬೇಡ. ಗೊತ್ತಾದರೆ ನಿದ್ದೆ ಬರುವುದಿಲ್ಲ."

ಮೊನ್ನೆ ಮೂರಕ್ಕೆ ಎಚ್ಚರಾಯಿತು ನನಗೆ.
ವಯಸ್ಸು, ಇನ್ನೇನು. ಸುಮ್ಮನೆ ಬೇಕರಿಯ ತನಕ ನಡೆದೆ.
ಹಿಂಬಾಗಿಲಲ್ಲಿ ಅವಳು ನಿಂತಿದ್ದಳು,
ಕೋಟಿನ ಕೆಳಗೆ ನೈಟ್‌ಗೌನು.
ಬನ್ನು ಮುರಿದು ಅರ್ಧ ಕೊಟ್ಟಳು.
ಒಳಗಿನಿಂದ ಹಬೆ ಎದ್ದಿತು.