ಗೆಂಡೆ ತೂಗಿದ ದಿನ

ಜನವರಿ. ಶೆಪರ್ಟನ್ನಿನ ನದೀದಂಡೆ, ಬೆಳಗಿನ ಆರು.
ಮರ್ವ್ ಟ್ರಾಂಟರ್ ತಕ್ಕಡಿಯ ಕೊಕ್ಕೆ ಒರೆಸಿ
"ನಿನ್ನ ಅಕ್ಷರ ದುಂಡಗಿದೆ, ನೀನೇ ಬರಕೋ" ಎಂದು
ಪುಸ್ತಕ ನನ್ನ ಕೈಗಿಟ್ಟ.
ಹೆಸರು, ಉದ್ದ, ತೂಕ, ಹೊತ್ತು.
ವಾರವಿಡೀ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವಳಿಗೆ
ಭಾನುವಾರ ಮೀನಿನ ಲೆಕ್ಕ.

ಡಬ್ಬಿಯ ಜೋಳ, ಒಣ ಬ್ರೆಡ್ಡು, ಎರೆಹುಳು.
ಮಡಚುವ ಕುರ್ಚಿ ಹಾಕಿಕೊಂಡು ದಂಡೆಯುದ್ದಕ್ಕೂ ಜನ,
ಮದುವೆಯ ಪಂಕ್ತಿಯ ಹಾಗೆ,
ಎಲೆ ಇನ್ನೂ ಹಾಕಿಲ್ಲ.

ಫಲಕದಲ್ಲಿ ಕೆಂಪಕ್ಷರ:
ಹಿಡಿದ ಗೆಂಡೆ ನೀರಿಗೆ ಮರಳುವಂತಿಲ್ಲ.
ತಲೆಯ ಮೇಲೆ ಒಂದೇ ಪೆಟ್ಟು, ಆಮೇಲೆ ಮಂಜುಗಡ್ಡೆ.
ಡಾಟ್ ಹ್ಯಾನಿಗನ್, ಎಂಬತ್ತೊಂದರ ಮುದುಕಿ,
ಪ್ರತಿ ಪೆಟ್ಟಿಗೂ "ಸಾರಿ ಕಣೋ" ಅನ್ನುತ್ತಾಳೆ.
ಕೈ ಮಾತ್ರ ತಪ್ಪುವುದಿಲ್ಲ.

ಮೊದಲನೆಯದು ಬಂತು, ಆರೂವರೆ ಕಿಲೊ.
ತಿಕ್ಕಿದ ಕಂಚಿನ ಮೈ, ತುಟಿಯಂಚಿಗೆ ಎರಡೆರಡು ಮೀಸೆ.
ಪರಿಚಯದ ಮುಖ.

ಅಪ್ಪ ಮೀನುಗಾರಿಕೆ ಇಲಾಖೆಯ ಫೀಲ್ಡ್‌ಮನ್.
ಹಿರಿಯೂರು, ಚಳ್ಳಕೆರೆ ಕಡೆಯ ಕೆರೆಗಳಿಗೆಲ್ಲ
ಇದೇ ಗೆಂಡೆಯ ಬೆರಳುದ್ದ ಮರಿಗಳನ್ನು
ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ
ತೊಡೆಯ ಮೇಲಿಟ್ಟುಕೊಂಡೇ ಜೀಪಿನಲ್ಲಿ ಒಯ್ಯುತ್ತಿದ್ದ.
ಹೋದೊಡನೆ ಸುರಿಯುತ್ತಿರಲಿಲ್ಲ.
ಕಟ್ಟು ಬಿಚ್ಚದೆ ಚೀಲವನ್ನು ನೀರಮೇಲೆ ತೇಲಿಬಿಟ್ಟು
ಮೊಣಕಾಲುದ್ದ ಕೆರೆಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ.
"ಒಳಗಿನ ನೀರಿಗೆ ಹೊರಗಿನ ಬಿಸಿ ತಿಳೀಬೇಕು.
ಅವಸರ ಮಾಡಿದ್ರೆ ಮರಿ ಬೆಚ್ಚಿ ಸಾಯ್ತವೆ."

ಮರ್ವ್‌ಗೆ ಇದನ್ನು ಹೇಳಿದೆ.
"ನಿಮ್ಮಪ್ಪ ಇಲ್ಲಿದ್ದಿದ್ರೆ ದಂಡ ಹಾಕ್ತಿದ್ರು" ಎಂದ.
ಇಬ್ಬರೂ ನಕ್ಕೆವು,
ನಾನು ಸ್ವಲ್ಪ ತಡವಾಗಿ.

ಹತ್ತರ ಹೊತ್ತಿಗೆ ಡೇರಿಲ್, ಕೈಯಲ್ಲಿ ಬಿಯರು,
"ಹೊರಗಿಂದ ಬಂದದ್ದೆಲ್ಲ ಹೀಗೇ" ಎಂದ,
ನನ್ನ ಕಡೆ ನೋಡದ ಹಾಗೆ ನೋಡಿ.
ನಿಜ ಹೇಳುತ್ತೇನೆ, ನಾನೂ ಆ ಹೋಲಿಕೆಯ ಹೊಸಿಲಲ್ಲೇ ಇದ್ದೆ,
ಕವಿತೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗುತ್ತಿದ್ದೆ.
ಡಾಟ್ ತಲೆಯೆತ್ತದೆ ಕೇಳಿದಳು:
"ನಿನ್ನ ಮುತ್ತಜ್ಜ ಕಾರ್ನ್‌ವಾಲಿನಿಂದ ಈಜಿ ಬಂದನೇನೋ?
ಜೋಳ ಸಿಕ್ಕಿಸು, ಸುಮ್ಮನೆ."

ಹೋಲಿಕೆ ಅಲ್ಲಿಗೇ ಬಿತ್ತು. ಮೀನು ಮೀನೇ.
ನದಿಗೆ ಉಪಮೆ ಹಾಕಿಕೊಂಡು ಏನಾಗಬೇಕು?
ಅದಕ್ಕೆ ಬೇಕಾದ್ದು ತಳದ ಹುಲ್ಲು, ಒಂದಿಷ್ಟು ತಿಳಿ,
ಮುಳುಗಿದ ದಿಮ್ಮಿಯ ಪೊಟರೆಯಲ್ಲಿ
ತನ್ನ ಮೊಟ್ಟೆಗೆ ತಾನೇ ಕಾವಲಿರುವ ಮರ್ರೆ ಕಾಡ್ ಮೀನು.
ಗೆಂಡೆಗೆ ಅದೇನು ಗೊತ್ತು, ಹಸಿವು ಬಿಟ್ಟು?
ಕೊಳವೆಯಂತೆ ಬಾಯಿ ಚಾಚಿ ಕೆಸರು ಹೀರುತ್ತದೆ, ಉಗುಳುತ್ತದೆ.
ಬೆಳಕು ಕದಡುತ್ತದೆ.

ಸಂಜೆಯ ಲೆಕ್ಕ ಎಂಟುನೂರ ಹದಿನೇಳು.
ಅತಿ ಚಿಕ್ಕದನ್ನು ಹಿಡಿದ ಹುಡುಗನಿಗೆ ಹೊಸ ಗಾಳ.
ನೊಣ ಹೊತ್ತ ಟ್ರೇಲರು ಪೇರ್ ತೋಟದ ಗೊಬ್ಬರಗುಂಡಿಗೆ ಹೊರಟಿತು.
"ಇಷ್ಟಕ್ಕೆ ನದಿ ತಿಳಿಯಾಗತ್ತಾ?"
"ಇಲ್ಲ," ಅಂದ ಮರ್ವ್, ತಕ್ಕಡಿ ತೊಳೆಯುತ್ತ.
"ಒಂದೊಂದು ಹೆಣ್ಣಿಗೆ ಲಕ್ಷಗಟ್ಟಲೆ ಮೊಟ್ಟೆ.
ಮುಂದಿನ ವರ್ಷವೂ ಬಾ."

ಆಮೇಲೆ ಕ್ಲಬ್ಬಿನ ವ್ಯಾನು ಬಂತು, ಕಾಡ್ ಮರಿಗಳ ಚೀಲ ಹೊತ್ತು.
ಕಟ್ಟು ಬಿಚ್ಚಲು ಮಕ್ಕಳದ್ದು ನಾಮುಂದು ತಾಮುಂದು.
"ತಡೀರಿ!" ಎಂದೆ.
ಕನ್ನಡದಲ್ಲೇ ಬಂದುಬಿಟ್ಟಿತ್ತು; ತಡೆದರು.

ಶೂ ಬಿಚ್ಚಿಟ್ಟು ಇಳಿದೆ. ಚೀಲ ತೇಲಿಬಿಟ್ಟೆ.
ಅಣೆಕಟ್ಟೆಯ ನೀರು, ಬೇಸಿಗೆಯಲ್ಲೂ ಕೊರೆಯುತ್ತಿತ್ತು.
ಬೀಡಿ ಇರಲಿಲ್ಲ.
ಕಾಲು ಗಂಟೆ ಎಲ್ಲರೂ ಕಾದರು, ಮಾತಿಲ್ಲದೆ,
ಡೇರಿಲ್ ಕೂಡ,
ಪ್ಯಾಂಟು ಮಡಚಿ, ಚೀಲದ ಆಚೆಯ ಮೂಲೆ ಹಿಡಿದು.