ಲೆಕ್ಕಕ್ಕುಂಟು

ರಿಚ್‌ಮಂಡಿನ ದಾರಿ. ಫೆಬ್ರುವರಿ. ಕೆಸರು ಹೆಪ್ಪುಗಟ್ಟಿ
ಗಾಲಿಯ ಗುರುತುಗಳೆಲ್ಲ ಕಲ್ಲಾಗಿವೆ.
ಮುಂದೆ ಒಡೆಯರು, ಕಂದು ಕುದುರೆಯ ಮೇಲೆ;
ಹಿಂದೆ ಹೇಸರಗತ್ತೆಯ ಮೇಲೆ ನಾನು, ಮಿಂಗೊ,
ಅವರ ವಿಗ್ಗಿನ ಪೆಟ್ಟಿಗೆಯನ್ನು
ಮಲಗಿದ ಕೂಸಿನ ಹಾಗೆ ಅವಚಿಕೊಂಡು.

ಇವತ್ತು ಒಡೆಯರ ಬಾಯಿಗೆ ಬಿಡುವಿಲ್ಲ.
ಕುದುರೆಗೆ ಹೇಳುತ್ತಾರೋ ನನಗೋ ತಿಳಿಯದು:
"ಜನರನ್ನೇ ಕೇಳಿದರೆ ಏನಾದೀತು?
ಜಾರ್ಜಿಯಾದವನಿಗೆ ಬಾಸ್ಟನ್ನಿನವನ ಮುಖ ಗೊತ್ತೆ?
ಸುದ್ದಿ ತಲುಪುವಷ್ಟರಲ್ಲಿ ಹಳಸಿರುತ್ತದೆ.
ಯಾರು ರಮ್ಮಿನ ಪೀಪಾಯಿ ಒಡೆಯುತ್ತಾನೋ
ಅವನೇ ಅಧ್ಯಕ್ಷ.
ಅದಕ್ಕೇ ನಾವು, ಬಲ್ಲವರು ನಾಲ್ಕು ಮಂದಿ.
ಒಂದೇ ದಿನ, ಬೇರೆ ಬೇರೆ ಊರಲ್ಲಿ ಕೂತು
ಚೀಟಿಯಲ್ಲಿ ಎರಡು ಹೆಸರು ಬರೆದು, ಅರಗು ಒತ್ತಿ
ಮನೆಗೆ ಹೋಗುವವರು.
ಲಂಚ ಕೊಡುವವನು ಎಷ್ಟು ಕಡೆ ಓಡಿಯಾನು?"

ಒಪ್ಪಿದೆ. ಕುದುರೆ ಕೊಳ್ಳುವಾಗಲೂ ಹಾಗೇ:
ಸವಾರಿ ಮಾಡುವವನನ್ನಲ್ಲ,
ಹಲ್ಲು ನೋಡಬಲ್ಲವನನ್ನು ಕಳಿಸುತ್ತಾರೆ.
ನನ್ನನ್ನೇ ಕಳಿಸುತ್ತಾರೆ.

ಆದರೆ ಮೊನ್ನೆ ರಾತ್ರಿ
ಹಕ್ಕಿಯ ಮೂಳೆ ಬಿಡಿಸುತ್ತ ಅತಿಥಿಯೊಬ್ಬರು ನಕ್ಕಿದ್ದರು:
"ಬರೀ ಕೈಯೆತ್ತಿಸಿ ಎಣಿಸಿದ್ದರೆ
ಉತ್ತರದವರು ನಮ್ಮನ್ನು ಮುಳುಗಿಸುತ್ತಿದ್ದರು.
ಸದ್ಯ, ನಮ್ಮ ಕರಿಯರೂ ಲೆಕ್ಕಕ್ಕೆ ಬಂದರು,
ಐವರಿಗೆ ಮೂವರಂತೆ."
ಮೇಣದಬತ್ತಿಯ ಕುಡಿ ಚಿವುಟುತ್ತಿದ್ದ ಸುಕಿ
ಬಂದು ಹೇಳಿದಳು.

ನಮ್ಮ ಗುಡಿಸಲಲ್ಲಿ ಸರಿಯಾಗಿ ಐದೇ ತಲೆ.
ನಾನು, ಸುಕಿ, ಅವಳ ತಾಯಿ ಫಿಬ್ಬಾ,
ಹಾಲುಹಲ್ಲು ಉದುರುತ್ತಿರುವ ಜೂಬಾ, ಮೊಲೆ ಬಿಡದ ಹುಡುಗಿ.
ಮೂವರು ಯಾರು? ಬಿಟ್ಟದ್ದು ಯಾರನ್ನು?
"ನಲವತ್ತು ವರ್ಷ ಹೊಗೆಸೊಪ್ಪು ಕೊಯ್ದಿದ್ದೇನೆ,
ನನ್ನನ್ನಂತೂ ಬಿಡಲಾರರು" ಅಂದಳು ಮುದುಕಿ.
ಇಲ್ಲಾ, ಎಲ್ಲರಿಂದಲೂ ಒಂದಿಷ್ಟು ಕತ್ತರಿಸಿದರೆ?
ನನ್ನ ಬೆನ್ನು ಇಟ್ಟುಕೊಂಡು, ನಾಲಿಗೆ ಬಿಟ್ಟು?
ಬೆಂಕಿ ಆರುವವರೆಗೂ ಎಣಿಸಿದೆವು.
ನಡುವೆ ಒಮ್ಮೆ ನಗುವೂ ಬಂತು.
ಲೆಕ್ಕ ಕೂಡಲಿಲ್ಲ.

ಊರು ಬಂತು.
ಒಡೆಯರು ವಿಗ್ಗು ಸರಿಪಡಿಸಿಕೊಂಡು ಒಳಗೆ ಹೋದರು.
ಬಾಗಿಲು ಮುಚ್ಚಿತು. ಹಿಮ ಬೀಳುತ್ತಿದೆ.
ಎರಡು ಲಗಾಮು ಹಿಡಿದು ನಿಂತಿದ್ದೇನೆ.
ಒಳಗೆ ಅವರ ಚೀಟಿಯ ತೂಕದಲ್ಲಿ
ಮೂರು ಪಾಲು ನಾನೂ ಇದ್ದೇನಂತೆ.
ಇಲ್ಲಿ ನಡುಗುತ್ತಿರುವುದು ಉಳಿದ ಎರಡು ಪಾಲೇ ಇರಬೇಕು.

ಕಂದು ಕುದುರೆಯ ಮುಂಗಾಲಿನ ಲಾಳ ಸಡಿಲವಾಗಿದೆ.
ಮುಟ್ಟಿ ನೋಡಿದೆ. ದಾರಿಯಲ್ಲಿ ಕಳಚೀತು.
ಅವರು ಹೊರಬಂದಾಗ ಹೇಳಬೇಕು,
ಹೇಳಬೇಕೋ ಬೇಡವೋ.