ಸವೆತ

ಚಾಕಣದ ಖಾಲಿ ಗೋದಾಮಿನಂಗಳದಾಗ
ಸೀಸನ್ನಿನ ಕೊನೀ ಸುತ್ತು.
ಗಾಯಧನಿ ಮೇಡಮ್ ಹಳೇ ಜಪಾನಿ ಗಾಡಿ ಅಡ್ಡ ಒಗೀತಾರ:
ಎಡಕ್ಕ ಹೊಳ್ಳಾಕ ಸ್ಟೇರಿಂಗ್ ಬಲಕ್ಕ,
ಮುಖ ಒಂದ್ಕಡೆ, ದಾರಿ ಒಂದ್ಕಡೆ.

ನಾ ಇಂಡಿ ತಾಲೂಕಿನಾಂವ, ಟೈರ್ ಹಾಕಾಂವ.
ಮಳಿಗಾಲದಾಗ ಮೂರ ಜೋಡಿ ಹೋದ್ವು,
ಒದ್ದಿ ನೆಲ ರಬ್ಬರ್ ತಿನ್ನಂಗಿಲ್ಲ.
ದೀಪಾವಳಿ ಮುಂದ ಹನ್ನೊಂದು.
ಗೆದ್ದದ್ದು ಒಂದ ಸಲ,
ಅದೂ ಎದುರಿನಾಂವ ಗ್ವಾಡಿಗೆ ಹಾದಿದ್ದಕ್ಕ.

ಜಡ್ಜ್ ಮಂದಿ ಕೋನ ಅಳೀತಾರ, ಗೆರಿ ನೋಡ್ತಾರ.
ಹೊಗಿ ಇಳಿದ ಮ್ಯಾಲೆ ನಾ
ಬಿಸಿ ಟೈರಿಗೆ ಅಂಗೈ ಹಚ್ತೀನಿ.
ಎಲ್ಲಿ ಹೆದರಿದ್ರು, ಗೊತ್ತಾಗ್ತದ.

ಇವತ್ತ ಎರಡೂ ಸಮ ಸವದಾವ.

ಹೆಲ್ಮೆಟ್ ತಗದು ಕೇಳಿದ್ರು: "ಕಿತವಾ ನಂಬರ್?"
ನಾಕನೇದು.
ನಾ ಹೇಳ್ಲಿಲ್ಲ.
ಮೊದಲ ಮುಟ್ಟಿ ನೋಡ್ರಿ ಅಂತ
ಟೈರ್ ಕಡೆ ಕೈ ಮಾಡಿದೆ.